ಗೊರಗೊರ ಸದ್ದು ನಿಲ್ಲುವ ತನಕ ಅಂಜಿನಕ್ಕ

ಕೆಲ ತಿಂಗಳ ಹಿಂದಿನ ಒಂದು ಮುಂಜಾನೆ, ಆಗಷ್ಟೇ ಬೆಳಕು ಹರಿಯುತ್ತಿದೆ. ಹಂಪಸಾಗರದ ಓಣಿಯಲ್ಲಿ ಆಶಾ ಕಾರ್ಯಕರ್ತೆ ಅಂಜಿನಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ದಾಪುಗಾಲು ಹಾಕುತ್ತಿದ್ದಾರೆ. ಚಹಾ ಕುಡಿಯಲೂ ಪುರಸೊತ್ತಿಲ್ಲ. ನಾಗಲಿಂಗಮ್ಮನವರ ಫೋನ್ ಬಂದಿದೆ. ಬೆಂಗಳೂರಿನಲ್ಲಿ ಎದೆಯ ಶಸ್ತ್ರಚಿಕಿತ್ಸೆಯಾಗಿ ಮೊನ್ನೆಯಷ್ಟೇ ಊರಿಗೆ ಮರಳಿದ ಮೊಮ್ಮಗ ಗುರುಬಸವರಾಜನ ಉಸಿರಿನ ಸದ್ದು ನಿಂತಿಲ್ಲ.

"ಏನವಾ ಅಂಜಿನಿ, ಕೂಸಿನ ಎದಿ ಕೊಯ್ಸಿದಿ. ಗೊರಗೊರ ಹಂಗ ಐತಿ ನೋಡು!" ಅಜ್ಜಿ ಬಾಗಿಲಲ್ಲೇ ತಡೆಯುತ್ತಾರೆ.

ಅಂಜಿನಕ್ಕ ನೇರ ತೊಟ್ಟಿಲ ಬಳಿ ಹೋಗುತ್ತಾರೆ. ಮಗುವಿನ ಹಣೆ ಮುಟ್ಟಿ ಜ್ವರ ನೋಡುತ್ತಾರೆ, ತುಟಿಯ ಬಣ್ಣ ನೋಡುತ್ತಾರೆ. ಆಮೇಲೆ ಆಪರೇಷನ್ ಮಾಡಿದ ವೈದ್ಯರಿಗೇ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಹಿಡಿಯುತ್ತಾರೆ. "ಹುಟ್ಟಿದಾಗಿನಿಂದ ಒತ್ತಿಸಿಕೊಂಡ ಶ್ವಾಸನಾಳ ಮೆತ್ತಗಾಗಿರುತ್ತೆ. ಗಟ್ಟಿಯಾಗೋಕೆ ಕೆಲವು ತಿಂಗಳು ಬೇಕು. ಜ್ವರ ಇಲ್ಲ, ತುಟಿ ನೀಲಿಯಾಗಿಲ್ಲ ಅಂದ್ರೆ ಗಾಬರಿ ಬೇಡ," ಎನ್ನುತ್ತಾರೆ ವೈದ್ಯರು. ಅಜ್ಜಿ ಮುಖ ತಿರುಗಿಸಿ ಒಳಗೆ ಹೋಗುತ್ತಾರೆ. ಮಗುವಿನ ತಾಯಿ ಗೀತಾಂಜಲಿ ಮಾತ್ರ ಅಂಜಿನಕ್ಕನ ಕೈ ಬಿಡುವುದಿಲ್ಲ.

ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಗುರುಬಸವರಾಜನಿಗೆ ಹುಟ್ಟುತ್ತಲೇ ಎರಡು ಕವಲಾಗಿ, ಶ್ವಾಸನಾಳ ಅನ್ನನಾಳಗಳನ್ನು ಬಳೆಯಂತೆ ಸುತ್ತಿಕೊಂಡಿತ್ತು. ಉಸಿರಾಡಿದರೆ ಸದ್ದು, ಗಟ್ಟಿ ತುತ್ತು ಕೊಟ್ಟರೆ ವಾಂತಿ. ಪಕ್ಕೆಯ ಮೂಲಕ ಒಳಹೊಕ್ಕು ಸಣ್ಣ ಕವಲನ್ನು ಕತ್ತರಿಸಿ ಬಳೆ ಬಿಡಿಸುವುದೇ ಇದಕ್ಕಿರುವ ಚಿಕಿತ್ಸೆ.

ಅಂಜಿನಕ್ಕನಿಗೆ ಈ ಕಾಯಿಲೆ ಹೊಸದಲ್ಲ. ಅವರ ಮಗ ಬೀರಲಿಂಗೇಶನಿಗೂ ಕೂಸಿದ್ದಾಗ ಇದೇ ಇತ್ತು. ದಮ್ಮೆಂದು, ಕಫವೆಂದು ಊರೂರು ಅಲೆದ ಮೇಲೆ ಸ್ಕ್ಯಾನಿಂಗ್‌ನಲ್ಲಿ ಗೊತ್ತಾಯಿತು. "ಆಪರೇಷನ್ ಕ್ವಾಣಿ ಮುಂದ ಒಬ್ಬಾಕಿನೇ ಕುಂತಿದ್ದೆ ನೋಡ್ರಿ. ಒಳಗ ಏನ್ ಮಾಡಾಕತ್ಯಾರ ಅಂತ ಹೇಳೋರೇ ಇರಲಿಲ್ಲ. ನೀರು ಕುಡಿ ಅನ್ನೋರೂ ಇರಲಿಲ್ಲ," ಎಂದು ನೆನೆಯುತ್ತಾರೆ. ಅಂದಿನಿಂದ ಹಡಗಲಿ, ಕೂಡ್ಲಿಗಿ ಕಡೆಯಿಂದ ಎದೆಯ ಆಪರೇಷನ್ನಿಗೆ ಹೊರಟ ಮಕ್ಕಳ ಜೊತೆ ಅವರೂ ಹೋಗುತ್ತಾರೆ. "ನಾ ಡಾಕ್ಟರ್ ಅಲ್ರಿ. ಆ ತಾಯಿ ಬಾಜೂಕ ಕುಂದರ್ತೀನಿ, ಅಷ್ಟ."

ಆಪರೇಷನ್ನಿಗೆ ನಾಗಲಿಂಗಮ್ಮನವರನ್ನು ಒಪ್ಪಿಸುವುದು ಸುಲಭವಿರಲಿಲ್ಲ. "ಹೂವಿನಂಥ ಕೂಸಿಗೆ ಕತ್ತರಿ ಹಚ್ಚಾಕ ನಾ ಬಿಡೂದಿಲ್ಲ" ಎಂದು ತೊಟ್ಟಿಲಿಗೆ ಅಡ್ಡ ಕುಳಿತಿದ್ದರು. ಮರುದಿನ ಅಂಜಿನಕ್ಕ ಕಬಡ್ಡಿ ಆಡುತ್ತಿದ್ದ ಮಗನನ್ನೇ ಮೈದಾನದಿಂದ ಕರೆತಂದು, "ಅಂಗಿ ಬಿಚ್ಚೋ" ಎಂದರು. ಬೆವೆತ ಪಕ್ಕೆಯ ಮೇಲೆ ತೆಳ್ಳನೆಯ ಗೆರೆಯೊಂದಿತ್ತು. ಅಜ್ಜಿ ಅದರ ಮೇಲೆ ಬೆರಳಾಡಿಸಿದರು.

"ನೋಯ್ತೈತೇನೋ ಯಪ್ಪಾ?"

"ಇಲ್ಲಬೇ, ಕಚಗುಳಿ ಆಗ್ತೈತಿ."

ಅಜ್ಜಿ ತೊಟ್ಟಿಲ ಬಳಿಯಿಂದ ಎದ್ದರು.

ಫೋನ್ ಬಂದ ಆ ದಿನದಿಂದ ಅಂಜಿನಕ್ಕನ ದಿನಚರಿ ಈ ಮನೆಯಿಂದಲೇ ಆರಂಭ. ಅಜ್ಜಿ ಮಾತು ಬಿಟ್ಟರೂ ಅವರು ಬರುವುದು ಬಿಡಲಿಲ್ಲ. ಗಾಯ ನೋಡಿ, ಔಷಧ ಕುಡಿಸಿ, ಆಮೇಲೆಯೇ ಬಾಣಂತಿಯರ ಮನೆಗೆ, ಲಸಿಕೆಯ ಕೆಲಸಕ್ಕೆ. ವಾರಗಳು ಕಳೆದಂತೆ ವೈದ್ಯರ ಒಪ್ಪಿಗೆ ಪಡೆದು ಗೀತಾಂಜಲಿ ಜೋಳದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಟ್ಟರು. ಮಗು ನುಂಗಿತು, ಇನ್ನೊಂದು ತುತ್ತಿಗೆ ಬಾಯಿ ತೆರೆಯಿತು.

ಒಂದು ಮಧ್ಯಾಹ್ನ ನಾಗಲಿಂಗಮ್ಮ ಗಾಬರಿಯಿಂದ ತೊಟ್ಟಿಲಿಗೆ ಓಡಿದರು. ಸದ್ದೇ ಇಲ್ಲ. ಮೂಗಿನ ಕೆಳಗೆ ಬೆರಳಿಟ್ಟರು. ಬೆಚ್ಚನೆಯ ಉಸಿರು ಮೆಲ್ಲಗೆ ಬಂದು ಹೋಗುತ್ತಿತ್ತು. "ಕೂಸು ಸುಮ್ಮನ ಮಲಗಿದ್ದು ನಾ ಕಂಡೇ ಇರಲಿಲ್ರಿ. ಅಲ್ಲೇ ಕುಂತು ಅತ್ತೆ. ಅಂಜಿನಿಗೆ ಎಷ್ಟ್ ಬೈದಿದ್ದೆ!" ಎನ್ನುತ್ತಾರೆ ಅವರೀಗ.

ಹಿರೇಹಡಗಲಿಯಲ್ಲಿ ಇಂಥದೇ ಇನ್ನೊಂದು ಮಗುವಿದೆ. ಅಲ್ಲಿಯೂ ಅಜ್ಜಿಯೇ ಬೇಡವೆನ್ನುತ್ತಿದ್ದಾರಂತೆ. ಇಂದು ಅಲ್ಲಿಗೆ ಹೊರಟ ಅಂಜಿನಕ್ಕನಿಗಿಂತ ಮೊದಲೇ ನಾಗಲಿಂಗಮ್ಮ ಬಸ್ಸು ಹತ್ತಿ ಸೀಟು ಹಿಡಿದಿದ್ದಾರೆ. "ಆ ಮುದುಕಿ ಕೂಡ ನಾ ಮಾತಾಡ್ತೀನಿ, ನೀ ಸುಮ್ಮನಿರು" ಎಂಬ ಅಪ್ಪಣೆಯೂ ಆಗಿದೆ.

ಅಂಜಿನಕ್ಕ ನಗುತ್ತಾರೆ. "ಆತ್ ಬಿಡ್ರಿ. ಇವತ್ತೊಂದಿನ ಕಿಟಕಿ ಕಡೆ ಕುಂತು, ಹೊಲ ಮನಿ ನೋಡ್ಕೋತ ಹೋಗ್ತೀನಿ."