ಸೈಕಲ್ ಇಳಿಯುವ ಮರ್ಯಾದೆ

ನಮ್ಮಪ್ಪ ಮೈಸೂರಿನಿಂದ ಹಳೆಯ ಕಪ್ಪು ಕಾರೊಂದನ್ನು ಕೊಂಡು ತಂದಾಗ ನನಗೆ ಇಪ್ಪತ್ತೆರಡು ವರ್ಷ. ಐವತ್ತರ ದಶಕದ ಮಾತು. ಕಟ್ಟೆಮಳಲವಾಡಿಯ ಸುತ್ತಮುತ್ತಲಿನ ಊರುಗಳಲ್ಲಿ ಆಗ ನನಗೆ ಗೊತ್ತಿದ್ದ ಹಾಗೆ ಕಾರು ಇದ್ದ ಮನೆ ನಮ್ಮದೊಂದೇ. ಅಪ್ಪನಿಗೆ ಓಡಿಸಲು ಬರುತ್ತಿರಲಿಲ್ಲ, ಕಲಿಯುವ ಆಸೆಯೂ ಇರಲಿಲ್ಲ. ಹೀಗಾಗಿ ಸ್ಟೀರಿಂಗ್ ನನ್ನ ಕೈಗೆ ಬಂತು. ಅದರ ಜೊತೆಗೇ ಕೊಬ್ಬೂ ಬಂತು. ಈಗ ಇದನ್ನು ನಾನೇ ಹೇಳಿಕೊಳ್ಳುತ್ತಿದ್ದೇನೆ. ಆಗ ಬೇರೆ ಯಾರಾದರೂ ಹೇಳಿದ್ದರೆ ಅವರ ಮೇಲೆ ಕೈ ಮಾಡಿಬಿಡುತ್ತಿದ್ದೆನೋ ಏನೋ.

ನಮ್ಮ ಕಡೆ ಒಂದು ಪದ್ಧತಿ ಇತ್ತು. ಸೈಕಲ್ ಮೇಲೆ ಬರುವವನು ಊರ ಯಜಮಾನರನ್ನು ಕಂಡರೆ ಇಳಿಯಬೇಕು. ಇಳಿದು, ಸೈಕಲ್ ಹಿಡಿದುಕೊಂಡು ಪಕ್ಕಕ್ಕೆ ನಿಂತು, ಅವರು ದಾಟಿದ ಮೇಲೆ ಹತ್ತಬೇಕು. ಅಪ್ಪ ಗದ್ದೆ ಕಡೆ ನಡೆದು ಹೋಗುವಾಗ ಎದುರಿಗೆ ಬಂದವರೆಲ್ಲ ದಡಬಡ ಇಳಿಯುವುದನ್ನು ಚಿಕ್ಕಂದಿನಿಂದ ನೋಡಿದ್ದೆ. ಕಾರು ಬಂದ ಮೇಲೆ ಆ ಮರ್ಯಾದೆ ಕಾರಿಗೂ ಸಲ್ಲತೊಡಗಿತು. ಒಳಗೆ ಕೂತಿರುವವನು ಅಪ್ಪನಲ್ಲ, ಮಗ ಎಂದು ಗೊತ್ತಿದ್ದರೂ ಇಳಿಯುತ್ತಿದ್ದರು. ನಾನು ಹಾರನ್ನಿನ ರಬ್ಬರ್ ಉಂಡೆ ಹಿಸುಕುವುದು, ಮುಂದಿನವನು ಇಳಿಯುವುದು. ಮೊದಮೊದಲು ಮುಜುಗರವಾಗುತ್ತಿತ್ತು. ಒಂದು ತಿಂಗಳಲ್ಲಿ ಅಭ್ಯಾಸವಾಯಿತು. ಆಮೇಲೆ ಯಾರಾದರೂ ಇಳಿಯದಿದ್ದರೆ ಮೈಯೆಲ್ಲ ಉರಿಯತೊಡಗಿತು.

ಹಾಗೆ ಇಳಿಯದೇ ಇದ್ದವನು ಒಬ್ಬನೇ, ಹುಣಸೂರಿನ ಒಬ್ಬ ದರ್ಜಿ. ಅವನಿಗೆ ಅಂಗಡಿ ಇರಲಿಲ್ಲ. ಕೈಯಲ್ಲಿ ತಿರುಗಿಸುವ ಹೊಲಿಗೆ ಮಿಷನ್ನನ್ನು ಮರದ ಪೆಟ್ಟಿಗೆಯಲ್ಲಿಟ್ಟು, ಸೈಕಲ್ಲಿನ ಕ್ಯಾರಿಯರಿಗೆ ಹಗ್ಗದಿಂದ ಬಿಗಿದುಕೊಂಡು ಸಂತೆಯಿಂದ ಸಂತೆಗೆ ಹೋಗುತ್ತಿದ್ದ. ಬೆಟ್ಟದಪುರ, ಪಿರಿಯಾಪಟ್ಟಣ, ಒಮ್ಮೊಮ್ಮೆ ಕೃಷ್ಣರಾಜನಗರ. ಸಂತೆಯಲ್ಲಿ ಮರದ ನೆರಳು ಹಿಡಿದು ಚಾಪೆ ಹಾಸಿ ಕೂತರೆ, ಜನ ಸಾಮಾನು ಕೊಂಡು ಮುಗಿಸುವಷ್ಟರಲ್ಲಿ ರವಿಕೆಯೋ ಚಡ್ಡಿಯೋ ಹೊಲಿದು ಕೊಡುತ್ತಿದ್ದ. ನಮ್ಮ ಮನೆಯ ಬಟ್ಟೆಯೂ ಅವನ ಕೈಯಲ್ಲೇ ಆಗುತ್ತಿತ್ತು. ನನಗಿಂತ ಹದಿನೈದು ವರ್ಷಕ್ಕಾದರೂ ದೊಡ್ಡವನು. ಆದರೂ ನಾನು ಅವನನ್ನು ಏಕವಚನದಲ್ಲೇ ಕರೆಯುತ್ತಿದ್ದೆ, ಇವತ್ತಿಗೂ ಬರೆಯುವಾಗ ಕೈ ಅದನ್ನೇ ಬರೆಯುತ್ತದೆ. ಬರಹಕ್ಕಾಗಿ ಈಗ ಬಹುವಚನ ಹಾಕಿದರೆ ಅದು ಬೂಟಾಟಿಕೆ.

ಆಗಿನ ಟಾರು ರಸ್ತೆ ಒಂದು ಗಾಡಿಯ ಅಗಲ. ಎರಡೂ ಬದಿ ಮಣ್ಣು, ಮಳೆಗೆ ಕೊರೆದುಹೋದ ಹಳ್ಳಕೊಳ್ಳ. ಕಾರು ಟಾರಿನ ಮೇಲೇ ಹೋಗಬೇಕು. ಅಷ್ಟು ಭಾರ ಹೊತ್ತ ಸೈಕಲ್ಲಿಗೂ ಟಾರೇ ಬೇಕು. ನಾನು ಹಾರನ್ ಹೊಡೆದರೆ ಅವನು ತಿರುಗಿ ನೋಡಿ, ಒಂದು ಕೈ ಎತ್ತಿ, ಮುಂದಿನ ಮೋರಿ ಕಟ್ಟೆಯವರೆಗೂ ತುಳಿದುಕೊಂಡೇ ಹೋಗುತ್ತಿದ್ದ. ಅಲ್ಲಿ ಕಟ್ಟೆಗೆ ಕಾಲು ಕೊಟ್ಟು ನಿಂತು ದಾರಿ ಬಿಡುತ್ತಿದ್ದ. ಅಲ್ಲಿಯವರೆಗೆ ನಾನು ಅವನ ಹಿಂದೆ ಎತ್ತಿನ ಗಾಡಿಯ ಹಾಗೆ ತೆವಳಬೇಕು. ಇವನಿಗೆಷ್ಟು ಸೊಕ್ಕು ಎಂದು ಹಲ್ಲು ಕಡಿಯುತ್ತಿದ್ದೆ.

ಒಂದು ದಿನ ಬೆಟ್ಟದಪುರದ ಸಂತೆಯಲ್ಲಿ ಕಾರು ನಿಲ್ಲಿಸಿ, ನೇರವಾಗಿ ಅವನ ಚಾಪೆಯ ಮುಂದೆ ಹೋಗಿ ನಿಂತೆ. ಸುತ್ತ ಹೆಂಗಸರು, ಗಂಡಸರು, ಬಟ್ಟೆಗಾಗಿ ಕಾಯುತ್ತಿದ್ದವರು. ಅಷ್ಟೂ ಜನರ ಎದುರು ಬಾಯಿಗೆ ಬಂದಂತೆ ಬೈದೆ. ಅವನು ಎದ್ದು ನಿಂತ. ಕತ್ತಿನಲ್ಲಿದ್ದ ಅಳತೆ ಪಟ್ಟಿಯನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡ.

“ಹಿಂದ್ಗಡೆ ಮಿಸನ್ನೈತೆ ಬುದ್ದಿ. ಕಾಲು ಎತ್ತಿ ಇಳಿಯಕ್ಕಾಗಕಿಲ್ಲ. ಇಳುದ್ರೆ ತಿರ್ಗಾ ಹತ್ತಕ್ಕೂ ಆಗಕಿಲ್ಲ,” ಎಂದ.

ಅದು ಕಣ್ಣಿಗೆ ಕಾಣುವ ಮಾತು. ದಾರಿಯಲ್ಲಿ ಪೆಟ್ಟಿಗೆ ಕ್ಯಾರಿಯರಿನ ಮೇಲೆ ಸೀಟಿಗಿಂತ ಎತ್ತರಕ್ಕಿರುತ್ತಿತ್ತು. ಆದರೆ ಅಷ್ಟು ಜನರ ಮುಂದೆ ಕೂಗಾಡಿದ ಮೇಲೆ ಹಿಂದಕ್ಕೆ ಹೋಗುವುದು ಹೇಗೆ? ಇನ್ನು ಮೇಲೆ ಹಾರನ್ ಕೇಳಿದ ಕೂಡಲೇ ಇಳಿಯಬೇಕು, ಇಲ್ಲದಿದ್ದರೆ ನಮ್ಮೂರಿನ ಒಂದು ತುಂಡು ಬಟ್ಟೆಯೂ ನಿನ್ನ ಕೈಗೆ ಬರದ ಹಾಗೆ ಮಾಡುತ್ತೇನೆ ಎಂದುಬಿಟ್ಟೆ. ಅವನು, ಆಗಲಿ, ಇಳಿಯುತ್ತೇನೆ ಎಂದು ಮಾತು ಕೊಟ್ಟ.

ಸಂತೆಯ ಸುದ್ದಿ ನನಗಿಂತ ಮೊದಲೇ ಅಪ್ಪನ ಕಿವಿ ಮುಟ್ಟಿತ್ತು. ಹೊರೆ ಹೊತ್ತವನು ಯಾರಿಗೂ ಕೈ ಮುಗಿಯಬೇಕಾಗಿಲ್ಲ, ಬದಿಗೆ ಸರಿಯಬೇಕಾಗಿಲ್ಲ, ಅದು ನಮ್ಮ ತಾತನ ಕಾಲದಿಂದ ಬಂದದ್ದು ಎಂದು ಅಪ್ಪ ಊಟಕ್ಕೆ ಕೂತಲ್ಲೇ ಹೇಳಿದರು. ಮರ್ಯಾದೆ ಬೇಕಾದವನಿಗೆ ಅಷ್ಟಾದರೂ ಗೊತ್ತಿರಬೇಕು ಎಂದರು. ನಾನು ತಲೆ ತಗ್ಗಿಸಿ ಉಂಡೆ. ಆದರೆ ದರ್ಜಿಗೆ ಹೇಳಿದ್ದನ್ನು ಹೋಗಿ ವಾಪಸು ತೆಗೆದುಕೊಳ್ಳಲಿಲ್ಲ. ಹೋಗಬೇಕಾಗಿದ್ದದ್ದು ಎಷ್ಟು ದೂರ? ಹುಣಸೂರು ಏನು ಕಾಶಿಯೇ?

ಅಂದಿನಿಂದ ಅವನು ಇಳಿದ. ಹಾರನ್ ಕೇಳಿದ ತಕ್ಷಣ ಎರಡೂ ಕಾಲು ನೆಲಕ್ಕೆ ಚಾಚಿ, ಸೈಕಲ್ಲನ್ನು ಸೊಂಟಕ್ಕೆ ಒರಗಿಸಿಕೊಂಡು, ಒಂದು ಕಾಲನ್ನು ಮುಂದಿನ ಬಾರಿನ ಮೇಲಿಂದ ಎತ್ತಿ ಹೇಗೋ ಇಳಿದು ನಿಲ್ಲುತ್ತಿದ್ದ. ನಾನು ದಾಟಿ ಹೋಗಿ ಕನ್ನಡಿಯಲ್ಲಿ ನೋಡಿದರೆ, ಹತ್ತಲು ಒಂದು ಮೈಲಿಗಲ್ಲು ಹುಡುಕಿಕೊಂಡು ಸೈಕಲ್ ತಳ್ಳುತ್ತಾ ಹೋಗುತ್ತಿರುವುದು ಕಾಣುತ್ತಿತ್ತು. ನನಗೆ ಖುಷಿಯಾಗುತ್ತಿತ್ತು. ಇದನ್ನು ಮುಚ್ಚಿಟ್ಟು ಏನು ಪ್ರಯೋಜನ, ಖುಷಿಯೇ ಆಗುತ್ತಿತ್ತು.

ಆ ವರ್ಷ ಚಳಿಗಾಲದಲ್ಲಿ, ಹುರುಳಿ ಕಿತ್ತ ಕಾಲ. ನಮ್ಮ ಕಡೆ ರೈತರು ಹುರುಳಿ ಗಿಡವನ್ನು ತಂದು ಟಾರು ರಸ್ತೆಯ ಮೇಲೆ ಹರಡಿಬಿಡುತ್ತಾರೆ. ಬಸ್ಸು, ಲಾರಿ, ಗಾಡಿ ಅದರ ಮೇಲೆ ಹೋದಷ್ಟೂ ಕಾಯಿ ಒಡೆದು ಕಾಳು ಉದುರುತ್ತದೆ, ಒಕ್ಕಣೆ ಪುಕ್ಕಟೆ. ಬೆಳಿಗ್ಗೆ ನಾನು ಪಿರಿಯಾಪಟ್ಟಣಕ್ಕೆ ಹೊರಟಿದ್ದೆ. ಒಂದು ಇಳಿಜಾರಿನ ಉದ್ದಕ್ಕೂ ಹುರುಳಿ ಹರಡಿತ್ತು. ಇಬ್ಬರು ಹೆಂಗಸರು ಬೆನ್ನು ಬಗ್ಗಿಸಿ ಗಿಡ ತಿರುವುತ್ತಿದ್ದರು. ಅವರಿಂದ ಆಚೆಗೆ, ಹುರುಳಿಯ ಅಂಚಿನಲ್ಲಿ, ದರ್ಜಿ ಬಹಳ ಜೋಪಾನವಾಗಿ ಸೈಕಲ್ ಬಿಟ್ಟುಕೊಂಡು ಹೋಗುತ್ತಿದ್ದ. ಹೆಂಗಸರು ಸರಿಯಲಿ ಎಂದು ನಾನು ಹಾರನ್ ಹೊಡೆದೆ.

ಅವನು ತಿರುಗಿಯೂ ನೋಡಲಿಲ್ಲ. ಇಳಿಜಾರಿನಲ್ಲಿ ಹೋಗುತ್ತಿದ್ದ ಹಾಗೆಯೇ ಬ್ರೇಕ್ ಹಿಡಿದು ಕಾಲು ಚಾಚಿದ. ಕಾಲ ಕೆಳಗೆ ಉರುಳುವ ಕಾಳು. ಸೈಕಲ್ ಅಡ್ಡ ಬಿತ್ತು, ಹಗ್ಗ ಕಿತ್ತು ಪೆಟ್ಟಿಗೆ ಹಾರಿತು. ನೆಲಕ್ಕೂರಿದ ಅವನ ಬಲಗೈಯ ಮೇಲೆ ಮಿಷನ್ನು ಬಿತ್ತು.

ನಾನು ಓಡಿಹೋದೆ. ಹೆಂಗಸರಲ್ಲಿ ಒಬ್ಬಳು ಸೆರಗು ಹರಿದು ಕೈಗೆ ಸುತ್ತಿದಳು. ಕಾರಿಗೆ ಹತ್ತಿಸಿದರೆ, ಸೀಟಿಗೆ ರಕ್ತವಾಗುತ್ತದೆ ಎಂದು ಅವನು ಸೀಟಿನ ಕೆಳಗೆ ಕಾಲಿಡುವ ಜಾಗದಲ್ಲೇ ಕೂತ, ಎಷ್ಟು ಹೇಳಿದರೂ ಮೇಲೆ ಕೂರಲಿಲ್ಲ. ಮೈಸೂರು ಮುಟ್ಟುವವರೆಗೆ ಅವನು ಕೇಳಿದ್ದು ಒಂದೇ, ಮಿಷನ್ನನ್ನು ಎತ್ತಿಟ್ಟುಕೊಂಡಿರಾ ಎಂದು. ಎತ್ತಿಟ್ಟಿದ್ದೆ. ಅದರ ಕುತ್ತಿಗೆ ಸೀಳಿಹೋಗಿತ್ತು. ಆಸ್ಪತ್ರೆಯಲ್ಲಿ ಅವನ ಹೆಬ್ಬೆರಳು, ತೋರುಬೆರಳು ಉಳಿಯಲಿಲ್ಲ. ಕತ್ತರಿ ಹಿಡಿಯುವ ಎರಡು ಬೆರಳು.

ಆಮೇಲಿನ ತಿಂಗಳುಗಳಲ್ಲಿ ನನ್ನ ಕಿವಿಗೆ ಒಂದು ಮಾತು ಬೀಳತೊಡಗಿತು. ಕೈ ನೋಡಿ ಏನಾಯಿತೆಂದು ಕೇಳಿದವರಿಗೆಲ್ಲ ಅವನು, ಬುದ್ದಿಯವರು ಹಾರನ್ ಹೊಡೆದರು, ನಾನು ಮಾತು ಕೊಟ್ಟಿದ್ದೆನಲ್ಲ, ಇಳಿದೆ ಎನ್ನುತ್ತಿದ್ದನಂತೆ. ದೂರಿನ ದನಿ ಅದರಲ್ಲಿ ಇರಲಿಲ್ಲವೆಂದು ಹೇಳಿದವರೇ ಹೇಳಿದರು. ನನಗೆ ಮಾತ್ರ ಅವನು ಊರ ತುಂಬ ನನ್ನ ಮೇಲೆ ಗೂಬೆ ಕೂರಿಸುತ್ತಿದ್ದಾನೆ ಎನ್ನಿಸಿತು. ಪಶ್ಚಾತ್ತಾಪವೂ ಇತ್ತು, ಸಿಟ್ಟೂ ಇತ್ತು. ಎರಡನ್ನೂ ಕಟ್ಟಿಕೊಂಡು, ಹೊಸದೊಂದು ಮಿಷನ್ ತಂದು, ಕಾರಿನಲ್ಲಿಟ್ಟುಕೊಂಡು ಅವನ ಮನೆಗೆ ಹೋದೆ.

ಅವನು ಜಗುಲಿಯಿಂದ ಎದ್ದು ಕೈ ಮುಗಿದ. ಮೂರು ಬೆರಳಿನ ಕೈ ಇನ್ನೊಂದು ಕೈಗೆ ಸರಿಯಾಗಿ ಕೂಡಲಿಲ್ಲ. ಅವನ ಹೆಂಡತಿ ಬಾಗಿಲಲ್ಲೇ ನಿಂತು ಮಿಷನ್ನನ್ನೂ ನನ್ನನ್ನೂ ನೋಡಿದಳು.

“ಇದ ತಿರುಗ್ಸೋ ಕೈ ಎಲ್ಲೈತೆ ಬುದ್ದಿ? ಅವತ್ತು ಅಷ್ಟು ಅವಸ್ರವಾಗಿ ಯಾಕೆ ಇಳ್ಸುದ್ರಿ, ಅದೊಂದ ಹೇಳಿ,” ಎಂದಳು.

ಅವನು ಅವಳನ್ನು ಗದರಿದ. ಕೊಟ್ಟ ಮಾತಿಗೆ ತಾನು ಇಳಿದದ್ದು, ಅವರ ತಪ್ಪೇನಿದೆ ಎಂದ. ನಾನು ಸುಮ್ಮನಿದ್ದರೆ ಆಗುತ್ತಿತ್ತು. ಇರಲಿಲ್ಲ. ಇಷ್ಟು ದಿನ ಗಂಟಲಲ್ಲಿ ಇಟ್ಟುಕೊಂಡಿದ್ದನ್ನು, ನನ್ನ ಮೇಲಿನ ಅಪವಾದ ತೊಳೆದುಹೋಗಲಿ ಎಂದು, ಹೇಳಿಯೇಬಿಟ್ಟೆ.

“ನಾನು ಹಾರನ್ ಹೊಡೆದಿದ್ದು ನಿಂಗಲ್ಲ ಕಣಪ್ಪ. ಹುರುಳಿ ತಿರುವ್ತಿದ್ದ ಹೆಂಗಸರಿಗೆ.”

ಅವನು ನನ್ನ ಮುಖ ನೋಡಿದ. ಆಮೇಲೆ ಕೈ ನೋಡಿಕೊಂಡ. ನನಗಲ್ಲ, ಹೆಂಡತಿಗೆ ಹೇಳಿದ.

“ಅಂಗಾರೆ ಇಳೀದಿದ್ರೂ ಆಗ್ತಿತ್ತು ಕಣೆ.”

ಅಲ್ಲಿಯವರೆಗೆ ಅವನ ಕೈಗೆ ಒಂದು ಕಾರಣವಿತ್ತು. ಕೊಟ್ಟ ಮಾತು ಉಳಿಸಿಕೊಂಡೆ ಎಂದು ನಾಲ್ಕು ಜನರಿಗೆ ಹೇಳಿಕೊಳ್ಳುತ್ತಿದ್ದ. ಅದನ್ನೂ ನಾನು ಕಿತ್ತುಕೊಂಡೆ. ಹೌದಪ್ಪ, ನಿನಗೇ ಹೊಡೆದೆ, ತಪ್ಪು ನನ್ನದು ಎಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಅಷ್ಟು ತಿಂಗಳು ಆ ರಸ್ತೆಯಲ್ಲಿ ಹಾರನ್ ಹೊಡೆದದ್ದೆಲ್ಲ ಅವನಿಗೇ ತಾನೆ. ಅದು ಸುಳ್ಳೂ ಆಗುತ್ತಿರಲಿಲ್ಲ.