ಐವತ್ತೆಂಟನೇ ಪುಟದ ಐದು ಸಾಲು

ಫೋನು ಬಂದಾಗ ಹತ್ತು ಗಂಟೆ ಹತ್ತು ನಿಮಿಷ. ಹನ್ನೊಂದಕ್ಕೆ ಕರೆಂಟು ಹೋಗುತ್ತದಲ್ಲ ಎಂಬ ದಿಗಿಲಿಗೆ ಶಾಂತಲಾ ಬೆಳಗಿನಿಂದ ಗೋಡೆ ಗಡಿಯಾರವನ್ನೇ ನೋಡುತ್ತಿದ್ದಳು. ಅದಕ್ಕೇ ಆ ಹೊತ್ತು ಅವಳಿಗೆ ಇವತ್ತಿಗೂ ನೆನಪಿದೆ. ಅಂಜನಮೂರ್ತಿಯವರ ಡಿ.ಟಿ.ಪಿ. ಅಂಗಡಿಯೆಂದರೆ ತುಮಕೂರಿನ ಸದಾಶಿವನಗರದಲ್ಲಿ ಒಂದು ಮನೆಯ ಮುಂದಿನ ಕೋಣೆ. ಎರಡು ಕಂಪ್ಯೂಟರ್, ಒಂದು ಲೇಸರ್ ಪ್ರಿಂಟರ್, ಚಪ್ಪಲಿ ಹೊರಗೆ ಬಿಡಿ ಅನ್ನುವ ಬೋರ್ಡು. ಅವತ್ತು ಅತ್ತೆ ಸರ್ವಮಂಗಳಮ್ಮ ಮಠಕ್ಕೆ ಹೋಗಿದ್ದರಿಂದ ಮೂರು ವರ್ಷದ ಮಗಳು ಕಾವ್ಯಳೂ ಜೊತೆಗೆ ಬಂದು ಮೇಜಿನ ಕೆಳಗೆ ಕೂತು ಹಾಳಾದ ಪ್ರಿಂಟುಗಳ ಮೇಲೆ ಗೀಚುತ್ತಿದ್ದಳು.

ಫೋನು ಮಾಡಿದವರು ಕುಣಿಗಲ್ಲಿನ ಅಡವಿಯಪ್ಪ ಮೇಷ್ಟ್ರು. ಎಪ್ಪತ್ತೇಳು ವರ್ಷದ ರಿಟೈರ್ಡ್ ಹೆಡ್‌ಮಾಸ್ತರು. ಅವರ ನೆನಪುಗಳ ಪುಸ್ತಕ ಗುಬ್ಬಿಯ ಪ್ರೆಸ್ಸಿನಲ್ಲಿ ಅಚ್ಚಾಗುತ್ತಿತ್ತು, ಬರುವ ಭಾನುವಾರ ಬಿಡುಗಡೆ. ಅದರ ಪುಟಗಳನ್ನೆಲ್ಲ ಜೋಡಿಸಿದವಳು ಶಾಂತಲಾ.

"ಏನಿಲ್ಲ ಕಣವ್ವ, ಒಂದು ವಿಷ್ಯ ಕೇಳಾನ ಅಂತ ಮಾಡ್ದೆ. ಓಬಳಮ್ಮನ ಸಮಾಚಾರ ಎಷ್ಟನೇ ಪುಟದಲ್ಲಿ ಬತ್ತದೆ?"

ಓಬಳಮ್ಮನ ಮಗಳು ಗುಬ್ಬಿಯಿಂದ ಭಾನುವಾರ ಬರಲು ಒಪ್ಪಿದ್ದಾಳಂತೆ. ಅವಳಿಗೆ ಓದು ಬರುವುದಿಲ್ಲ, ಮೊಮ್ಮಗಳು ಓದಿ ಹೇಳುತ್ತಾಳೆ. ಸಭೆಯಲ್ಲಿ ಪುಟ ಹುಡುಕುತ್ತಾ ಕೂರುವುದು ಬೇಡ, ಈಗಲೇ ನಂಬರು ತಿಳಿಸಿಬಿಟ್ಟರೆ ವಾಸಿ ಅಂತ ಮೇಷ್ಟ್ರು ನಿಧಾನವಾಗಿ ವಿವರಿಸಿದರು.

ನೋಡಿ ಹೇಳ್ತೀನಿ ಮೇಷ್ಟ್ರೇ ಅಂದು ಶಾಂತಲಾ ಫೋನಿಟ್ಟಳು. ನೋಡುವುದಕ್ಕೇನಿತ್ತು? ಓಬಳಮ್ಮ ಯಾವ ಪುಟದಲ್ಲೂ ಇರಲಿಲ್ಲ. ತೆಗೆದುಹಾಕಿದವಳು ಇವಳೇ.

ಶಾಂತಲಾ ಬೆಂಗಳೂರಿನಲ್ಲಿ ಬಿ.ಎ. ಓದಿ, ರೇಣುಕಾಪ್ರಸಾದನ ಕೈಹಿಡಿದು ಶೆಟ್ಟಿಹಳ್ಳಿಯ ಮನೆಗೆ ಬಂದವಳು. ಸಣ್ಣದಕ್ಕೂ ಹೆದರುವ ಜೀವ. ಗ್ಯಾಸ್ ಆಫ್ ಮಾಡಿದ್ದೀನಾ ಅಂತ ಬೀದಿ ತುದಿಯಿಂದ ವಾಪಸ್ಸು ಬರುತ್ತಾಳೆ. ಮಗು ನುಂಗಿಬಿಟ್ಟೀತು ಅಂತ ಫ್ರಾಕಿನ ಗುಂಡಿಗಳನ್ನು ಎಣಿಸುತ್ತಾಳೆ. ಇಷ್ಟರ ನಡುವೆ ಕತೆ ಬರೆಯುವ ಹುಚ್ಚು ಬೇರೆ. ಒಂದು ವಾರಪತ್ರಿಕೆ ಅವಳ ಒಂದು ಕತೆ ಹಾಕಿತ್ತು. ಆದರೆ ಕೊನೆಯ ಪ್ಯಾರಾವನ್ನೇ ಕತ್ತರಿಸಿ, ಆ ಜಾಗದಲ್ಲಿ ತಲೆಗೂದಲಿನ ಎಣ್ಣೆಯ ಜಾಹೀರಾತು ಹಾಕಿತ್ತು. ಎರಡು ದಿನ ಅವಳಿಗೆ ಊಟ ಸೇರಿರಲಿಲ್ಲ. ಮುಂದಿನ ಕತೆ, ಅಕ್ಷರ ಓದಲಾಗುತ್ತಿಲ್ಲ ಅನ್ನುವ ಚೀಟಿ ಹೊತ್ತುಕೊಂಡು ಮನೆಗೆ ಬಂತು. ಅದೇ ವಾರ ಅವಳು ಡಿ.ಟಿ.ಪಿ. ಕಲಿಯುತ್ತೀನಿ ಅಂತ ಹಟ ಹಿಡಿದಳು. ಗಂಡ ಕಲಿ ಅಂದ. ಅತ್ತೆ ಅಕ್ಕಿ ಆರಿಸುತ್ತಾ, "ಕೈಯಲ್ಲಿ ಬರ್ದಿದ್ನ ಮಿಷಿನ್ನಲ್ಲಿ ಬರುದ್ರೆ ಕತೆ ಬೇರೆ ಆಗ್ಬುಡ್ತದೇನಮ್ಮ?" ಅಂದರು. ಅಂದರೂ ಮಗುವನ್ನು ನೋಡಿಕೊಂಡವರು ಅವರೇ.

ಅದು ತೊಂಬತ್ತೆಂಟನೇ ಇಸವಿ. ಮೊದಲ ತಿಂಗಳು ಒತ್ತಕ್ಷರ ಬರಲಿಲ್ಲ, ಮೌಸು ಮೇಜಿನಿಂದ ಬಿದ್ದುಹೋಗುತ್ತಿತ್ತು. ಎಲ್ಲಿ ಯಾವ ಕೀ ಒತ್ತಿ ಏನು ಕೆಡಿಸಿಬಿಡುತ್ತೀನೋ ಅಂತ ನಿಮಿಷಕ್ಕೊಂದು ಸಲ ಸೇವ್ ಮಾಡುತ್ತಿದ್ದಳು. ಗೊತ್ತಿರುವ ಅಕ್ಷರವನ್ನೆಲ್ಲ ಒಂದೇ ಪುಟಕ್ಕೆ ತುಂಬಿದಾಗ ಅಂಜನಮೂರ್ತಿ, ಇದು ಪುಟ ಅಲ್ಲ ಮೇಡಂ, ಸಂತೆ ಅಂದಿದ್ದರು. ಸುತ್ತ ಎಷ್ಟು ಜಾಗ ಬಿಡಬೇಕು, ಸಾಲಿಗೂ ಸಾಲಿಗೂ ಎಷ್ಟು ಸಂದು, ಪ್ಯಾರಾ ಕೊನೆಯಲ್ಲಿ ಒಂಟಿ ಪದವೊಂದು ಇಡೀ ಸಾಲು ತಿಂದು ಕೂತರೆ ಅದನ್ನು ಹೇಗೆ ಮೇಲಿನ ಸಾಲಿಗೆ ಎಳೆದುಕೊಳ್ಳಬೇಕು, ಇವೆಲ್ಲ ಒಂದೊಂದಾಗಿ ಕೈಗೆ ಬಂದವು. ವರ್ಷ ತುಂಬುವ ಹೊತ್ತಿಗೆ ಅಂಜನಮೂರ್ತಿ ಅವಳಿಗೆ ಒಂದು ಪೂರ್ತಿ ಪುಸ್ತಕವನ್ನೇ ಒಪ್ಪಿಸಿದರು. ಅದೇ ಮೇಷ್ಟ್ರ ಪುಸ್ತಕ.

ಮೇಷ್ಟ್ರು ಕೇಳಿದ್ದು ಒಂದೇ. ಕಣ್ಣು ದಿನೇದಿನೇ ಮಂಜಾಗುತ್ತಿದೆ, ಭೂತಗನ್ನಡಿ ಹಿಡಿದರೂ ದಿನಪತ್ರಿಕೆ ಕಾಣುವುದಿಲ್ಲ. ತನ್ನ ಪುಸ್ತಕವನ್ನು ಮಾತ್ರ ತಾನೇ ಓದಬೇಕು, ಅಕ್ಷರ ದಪ್ಪ ಇರಲಿ. ಶಾಂತಲಾ ದಪ್ಪ ಅಕ್ಷರವನ್ನೇ ಹಾಕಿದಳು. ಪ್ರೆಸ್ಸಿನಲ್ಲಿ ಹದಿನಾರು ಪುಟಕ್ಕೆ ಒಂದು ಫಾರಂ ಲೆಕ್ಕ. ನಾಲ್ಕು ಫಾರಮ್ಮಿಗೆ ಅರವತ್ತನಾಲ್ಕು ಪುಟ, ಅದರ ಮೇಲೆ ಒಂದು ಸಾಲು ಬಂದರೂ ಆಗದು ಅಂತ ಗುಬ್ಬಿಯಿಂದ ಹೇಳಿ ಕಳಿಸಿದ್ದರು. ಎಲ್ಲ ಜೋಡಿಸಿ ನೋಡಿದರೆ ಸರಿಯಾಗಿ ಐದು ಸಾಲು ಅರವತ್ತೈದನೇ ಪುಟಕ್ಕೆ ದಾಟಿದ್ದವು.

ಕೊನೆಯ ಪುಟದ ಬುಡದಲ್ಲಿ ಒಂದು ಹೂಬಳ್ಳಿ ಇತ್ತು. ಅದರ ಕೆಳಗೆ 'ಪುಟ ವಿನ್ಯಾಸ: ಶಾಂತಲಾ ರೇಣುಕಾಪ್ರಸಾದ್'. ಅಂಗಡಿಯ ಹೆಸರೂ ಸೇರಿ ನಾಲ್ಕು ಸಾಲಿನ ಜಾಗ. ಪುಸ್ತಕವೊಂದರಲ್ಲಿ ಅವಳ ಹೆಸರು ಬರುತ್ತಿದ್ದದ್ದು ಅದೇ ಮೊದಲು. ಅದರ ಮೇಲೆ ಅವಳ ಕೈ ಹೋಗಲಿಲ್ಲ. ಐವತ್ತೆಂಟನೇ ಪುಟಕ್ಕೆ ಹೋಯಿತು. ಅಲ್ಲಿ ಗುಬ್ಬಿಯ ಶಾಲೆಗೆ ಇನ್‌ಸ್ಪೆಕ್ಟರು ಬಂದ ಪ್ರಸಂಗದ ನಡುವೆ, ಹಿಂದಿಲ್ಲ ಮುಂದಿಲ್ಲ, ಓಬಳಮ್ಮ ಅನ್ನುವ ಯಾರೋ ಹೆಂಗಸಿನ ಮಾತು. ಓಟ ಕೆಡುತ್ತದೆ, ತೆಗೆದರೆ ಪುಸ್ತಕಕ್ಕೇ ಒಳ್ಳೆಯದು ಅಂತ ಕತೆಗಾರ್ತಿಯ ಗತ್ತಿನಲ್ಲಿ ತನಗೆ ತಾನೇ ಹೇಳಿಕೊಂಡು ಅಳಿಸಿದ್ದಳು.

ಆಮೇಲೆ ಮೇಷ್ಟ್ರು ಬಸ್ಸು ಹತ್ತಿ ಬಂದು, ಕಣ್ಣು ಮುಚ್ಚಿ ಕೂತು, ಕರಡನ್ನು ಅವಳಿಂದಲೇ ಓದಿಸಿ ಕೇಳಿದ್ದರು. ಐವತ್ತೆಂಟನೇ ಪುಟ ದಾಟುವಾಗ ಒಮ್ಮೆ ಕಣ್ಣು ಬಿಟ್ಟರು. ಕಿವಿಯೊಳಗೆ ಕಿರುಬೆರಳು ಹಾಕಿ ಅಲ್ಲಾಡಿಸಿಕೊಂಡರು. ಮತ್ತೆ ಕಣ್ಣು ಮುಚ್ಚಿದರು. ಶಾಂತಲಾ ಓದುತ್ತಲೇ ಹೋಗಿದ್ದಳು.

ಈಗ ಅವಳು ಅಂಜನಮೂರ್ತಿಗೆ ಎಲ್ಲವನ್ನೂ ಹೇಳಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಬೇರೆಯವರ ಮಾತು ಕತ್ತರಿಸೋಕೆ ನಿಮಗೆ ಯಾರು ಹೇಳಿದ್ರು ಅಂತ ಕೇಳಿದರು. ಪ್ರೆಸ್ಸಿಗೆ ಫೋನು ಹಚ್ಚಿದರೆ ಲೈನು ಸತ್ತಿತ್ತು. ಮೂರು ಫಾರಂ ಅಚ್ಚಾಗಿದೆ, ಉಳಿದಿರುವುದು ಐವತ್ತೆಂಟನೇ ಪುಟವಿರುವ ಕೊನೆಯದು. ಗುಬ್ಬಿಯಲ್ಲಿ ಕರೆಂಟು ಬರುವುದು ಎರಡಕ್ಕೆ, ಬಂದ ಕೂಡಲೇ ಪ್ರೆಸ್ಸಿನ ಶಿವರಾಮಯ್ಯ ಅಚ್ಚಿನ ಪ್ಲೇಟು ಮಾಡಿ ಮಷೀನಿಗೆ ಏರಿಸುತ್ತಾರೆ.

"ಇಲ್ಲಿ ಹನ್ನೊಂದರ ತನಕ ಇದೆ," ಅಂದರು ಅಂಜನಮೂರ್ತಿ. "ಕೂತ್ಕೊಳ್ಳಿ."

ಡ್ರಾಯರಿನಿಂದ ಮೇಷ್ಟ್ರ ನೋಟುಬುಕ್ಕು ತೆಗೆದು ಅವಳು ಟೈಪು ಮಾಡತೊಡಗಿದಳು. ಹಿಂದೆ ಆ ಸಾಲುಗಳನ್ನು ಟೈಪು ಮಾಡಿದಾಗ ಕಂಡದ್ದು ಬರೀ ಅಕ್ಷರ. ಈಗ ಓದಿದಳು.

'ಗುಬ್ಬಿಯಲ್ಲಿ ಓದಿದ ಮೂರು ವರ್ಷ ಪೇಟೆ ಹಿಂದಿನ ಓಣಿಯ ಓಬಳಮ್ಮ ನನಗೆ ದಿನಾ ಒಂದು ಮುದ್ದೆ ಎತ್ತಿಡುತ್ತಿದ್ದಳು. ನಾನು ಕಂಡ ಕೂಡಲೇ, ಉಂಡ್ಯೇನ್ಲಾ ಮಗ, ಎಂದು ಕೇಳುವಳು. ನನ್ನ ಮನೆಯಲ್ಲಿ ಉಂಡೆಯೆಂದು ಯಾರಿಗೂ ಹೇಳಬೇಡ, ನಿಮ್ಮವರು ನಿನ್ನನ್ನು ಹೊರಗಿಟ್ಟಾರು ಎಂದಿದ್ದಳು. ಅರವತ್ತು ವರ್ಷ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ.'

ಹತ್ತು ಮೂವತ್ತೈದು. ಐದು ಸಾಲು ಒಳಗೆ ಬಂದದ್ದೇ ತಡ, ಅಷ್ಟೇ ಸಾಲು ಕೊನೆಯಲ್ಲಿ ಆಚೆಗೆ ಬಿದ್ದವು. ಆ ಐದನ್ನು ಮಾತ್ರ ಸಣ್ಣ ಅಕ್ಷರದಲ್ಲಿ ಕೂರಿಸಿದರೆ? ಮಾಡಿ ನೋಡಿದಳು, ಜಾಗ ಆಯಿತು. ಹೂಬಳ್ಳಿಯೂ ಉಳಿಯಿತು, ಹೆಸರೂ ಉಳಿಯಿತು. ಒಂದು ಗಳಿಗೆ ಅವಳ ಕೈ ಅಲ್ಲೇ ನಿಂತಿತು. ಪುಸ್ತಕದಲ್ಲಿ ಮೇಷ್ಟ್ರಿಗೆ ಕಾಣದ ಜಾಗ ಅಂದರೆ ಆಗ ಅದೊಂದೇ ಆಗುತ್ತಿತ್ತು. ಮತ್ತೆ ದಪ್ಪ ಮಾಡಿದಳು. ಕೊನೆಯ ಪುಟಕ್ಕೆ ಹೋಗಿ ಬಳ್ಳಿ, ಹೆಸರು ಎರಡನ್ನೂ ಅಳಿಸಿದಳು.

"ಅಂಗಡಿ ಹೆಸರೂ ಹೋಯ್ತಲ್ಲ ಮೇಡಂ."

"ರಬ್ಬರ್ ಸ್ಟ್ಯಾಂಪ್ ಹೊಡ್ಕೊಳ್ಳಿ ಸರ್."

ಇಷ್ಟು ದಿನ ಅವರಿಗೆ ಎದುರಾಡಿದವಳಲ್ಲ.

ನಾಲ್ಕು ಸಾಲು ಸಿಕ್ಕಿತು, ಇನ್ನೂ ಒಂದು ಬೇಕು. ಪುಟಪುಟವೂ ಹುಡುಕಿದಳು. ಐವತ್ತೊಂಬತ್ತರಲ್ಲಿ ಒಂದು ಪ್ಯಾರಾದ ಕೊನೆಗೆ 'ಎಂದರು' ಅನ್ನುವ ಒಂದೇ ಪದ ಸಾಲು ತುಂಬಾ ಹರಡಿಕೊಂಡು ಕೂತಿತ್ತು. ಅದರ ಹಿಂದಿನ ಸಾಲಿನ ಪದಗಳ ಸಂದನ್ನು ಕೂದಲೆಳೆಯಷ್ಟು ಬಿಗಿ ಮಾಡಿದಳು. 'ಎಂದರು' ಮೇಲಕ್ಕೆ ಹೋಯಿತು. ಕೊನೆಯ ಸಾಲು ಅರವತ್ತನಾಲ್ಕನೇ ಪುಟದೊಳಕ್ಕೆ ಬಂದು ಕೂತಿತು.

ಪ್ರೆಸ್ಸಿಗೆ ಕೊಡುವ ತೆಳ್ಳನೆಯ ಬಟರ್ ಪೇಪರನ್ನು ಪ್ರಿಂಟರಿಗೆ ಕೊಟ್ಟಾಗ ಹತ್ತು ಐವತ್ತು. ಐವತ್ತೆಂಟು ಬಂತು. ಐವತ್ತೊಂಬತ್ತು ಬಂತು. ಅರವತ್ತು ಮುದುರಿಕೊಂಡಿತು, ಎಳೆದು ಮತ್ತೆ ಹಾಕಿದರು. ಅರವತ್ತಮೂರು ಬಂದು, ಅರವತ್ತನಾಲ್ಕರ ಅಂಚು ಒಳಗೆ ಹೋಗುತ್ತಿದ್ದಂತೆ ತಲೆ ಮೇಲಿನ ಫ್ಯಾನು ನಿಧಾನವಾಯಿತು. ಹನ್ನೊಂದಕ್ಕೆ ಇನ್ನೂ ನಾಲ್ಕು ನಿಮಿಷ ಇತ್ತು.

ಮತ್ತೆ ಕರೆಂಟು ಬರುವುದು ಒಂದಕ್ಕೆ. ಅಲ್ಲಿಯವರೆಗೆ ಕಾದರೆ ಗುಬ್ಬಿ ಕೈತಪ್ಪುತ್ತದೆ. ಹಳೆಯ ಅರವತ್ತಮೂರು, ಅರವತ್ತನಾಲ್ಕರ ಹಾಳೆಗಳು ಪ್ರೆಸ್ಸಿನಲ್ಲೇ ಇವೆಯಲ್ಲ, ಕತ್ತರಿಸಿ ಅಂಟಿಸಿದರಾಯಿತು ಅಂದಳು ಶಾಂತಲಾ. ಅಷ್ಟು ಧೈರ್ಯ ಎಲ್ಲಿಂದ ಬಂತೋ ಅವಳಿಗೇ ತಿಳಿಯದು. ಆರು ಹಾಳೆಗಳು ಸುಕ್ಕಾಗದಿರಲಿ ಅಂತ ಕಾವ್ಯಳ ಪ್ರಾಣಿಗಳ ಚಿತ್ರದ ಪುಸ್ತಕದೊಳಗಿಟ್ಟು, ಮಗುವನ್ನು ಕಂಕುಳಿಗೇರಿಸಿಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದಳು.

ಗುಬ್ಬಿ ಬಸ್ಸು ತುಂಬುವವರೆಗೂ ಹೊರಡಲಿಲ್ಲ. ಹೊರಟ ಮೇಲೆ ಕಾವ್ಯ ಆನೆ ಬೇಕು ಅಂತ ರಾಗ ಎತ್ತಿದಳು. ಆನೆ ಇದ್ದದ್ದು ಅದೇ ಪುಸ್ತಕದಲ್ಲಿ. ಶಾಂತಲಾ ಕೊಡಲಿಲ್ಲ, ರಾಗ ಕಿರುಚಾಟವಾಯಿತು. ಹಿಂದಿನ ಸೀಟಿನ ಮುದುಕಿಯೊಬ್ಬಳು, ಮಗ ಕೇಳಿದ್ರೆ ಕೊಡಾಕಿಲ್ವಲ್ಲ, ನೀನೇನು ಪರೀಕ್ಷೆಗೆ ಓದ್ಕತೀಯಾ ಅಂದಳು. ಬಸ್ಸಿನಲ್ಲಿ ನಾಲ್ಕು ಜನ ನಕ್ಕರು. ಮಗುವಿನ ಹಣೆ ಬಿಸಿಯಿದೆಯೇನೋ ಅನ್ನಿಸಿತು. ನೀರಿನ ಬಾಟಲು ಅಂಗಡಿಯಲ್ಲೇ ಉಳಿದಿತ್ತು. ಒಂದು ಕೈಯಲ್ಲಿ ಪುಸ್ತಕ ಎದೆಗವಚಿಕೊಂಡು, ಇನ್ನೊಂದರಲ್ಲಿ ಒದೆಯುವ ಕಾಲು ಹಿಡಿದುಕೊಂಡು, ತಾನು ಯಾರ ತಾಯಿ, ಯಾರಿಗೆ ಏನು ಮಾಡುತ್ತಿದ್ದೇನೆ ಅಂತಲೂ ತೋಚದೆ ಕೂತಿದ್ದಳು.

ಪ್ರೆಸ್ಸು ತಲುಪಿದಾಗ ಒಂದೂಕಾಲು. ಶಿವರಾಮಯ್ಯ ಕೈಯಲ್ಲಿ ಅಚ್ಚುಮೊಳೆ ಜೋಡಿಸುವ ಕಾಲದಿಂದ ಇದ್ದ ಮನುಷ್ಯ. ಹದಿನಾರು ಪುಟಗಳನ್ನೂ ದೊಡ್ಡ ಹಾಳೆಯ ಮೇಲೆ ಅಂಟಿಸಿ ಮುಗಿಸಿ, ಕರೆಂಟಿಗೆ ಕಾಯುತ್ತಾ ಬೀಸಣಿಗೆ ಆಡಿಸುತ್ತಿದ್ದರು. ವಿಷಯ ಕೇಳಿದವರೇ ತಲೆ ಅಡ್ಡ ಆಡಿಸಿದರು. ಅಂಟಿಸಿದ್ದನ್ನು ಕಿತ್ತರೆ ಬಟರ್ ಪೇಪರ್ ಹರಿಯುತ್ತದೆ, ಪುಟ ಸೊಟ್ಟಗಾದರೆ ಬೈಸಿಕೊಳ್ಳುವವರು ನಾವು, ಐದು ಸಾಲಿಗೆ ಇಷ್ಟು ರಂಪವೇ ಅಂತ.

ಶಾಂತಲಾ ವಾದಿಸಲಿಲ್ಲ. ಐವತ್ತೆಂಟನೇ ಪುಟದ ಹಾಳೆ ತೆಗೆದು ಅವರ ಮುಂದೆ ಇಟ್ಟಳು. ಶಿವರಾಮಯ್ಯ ಅದನ್ನು ಬೆಳಕಿಗೆ ಹಿಡಿದು ಓದಿದರು. ಬೀಸಣಿಗೆ ನಿಂತಿತು.

"ಪೇಟೆ ಹಿಂದ್ಲ ಓಬಳಮ್ಮ," ಅಂದರು. ಎದ್ದು ಹೋಗಿ ಬ್ಲೇಡು, ಗೋಂದು, ಸ್ಟೀಲ್ ಸ್ಕೇಲು ತಂದರು.

ಆರು ಪುಟ ಬದಲಾಯಿಸುವುದರಲ್ಲಿ ಗಂಟೆ ಒಂದೂಮುಕ್ಕಾಲಾಯಿತು. ಉಳಿದದ್ದು ಅರವತ್ತನಾಲ್ಕು. ಹಳೆಯ ಅರವತ್ತಮೂರರ ಬುಡದ ನಾಲ್ಕು ಸಾಲು ಕತ್ತರಿಸಿ ಇದರ ನೆತ್ತಿಗೆ ಅಂಟಿಸಬೇಕು, ಇದರ ಸಾಲುಗಳನ್ನೆಲ್ಲ ಕೆಳಕ್ಕೆ ಇಳಿಸಬೇಕು, ಅದಕ್ಕೆ ಮೊದಲು ಬುಡದ ಬಳ್ಳಿಯೂ ಹೆಸರೂ ಹೋಗಬೇಕು. ಶಿವರಾಮಯ್ಯ ಬ್ಲೇಡನ್ನು ಅವಳ ಕೈಗೇ ಕೊಟ್ಟರು. ಕಂಪ್ಯೂಟರಿನಲ್ಲಿ ಅಳಿಸುವಾಗ ಒಂದು ಕೀ ಒತ್ತಿದ್ದಳು, ಅಷ್ಟೇ. ಇಲ್ಲಿ ಸ್ಕೇಲು ಇಟ್ಟು, ತನ್ನ ಹೆಸರಿನ ಮೇಲಿದ್ದ ಬಳ್ಳಿಯ ಮೇಲಂಚಿಗೆ ಬ್ಲೇಡು ಒತ್ತಿ, ಎಡದಿಂದ ಬಲಕ್ಕೆ ಎಳೆಯಬೇಕಾಯಿತು. ಕತ್ತರಿಸಿದ ಚೂರು ನೆಲಕ್ಕೆ ಬಿತ್ತು. ಕಾವ್ಯ ಅದನ್ನೆತ್ತಿ ಆನೆಯ ಪುಟದಲ್ಲಿ ಇಟ್ಟುಕೊಂಡಳು.

ಕೊನೆಯ ಸಾಲು ನೆಟ್ಟಗೆ ಕೂತಿತೋ ಇಲ್ಲವೋ ಅಂತ ಶಿವರಾಮಯ್ಯ ಬಗ್ಗಿ ಅಳೆಯುತ್ತಿರುವಾಗಲೇ ಟ್ಯೂಬ್‌ಲೈಟು ಮಿಣುಕಿ ಹತ್ತಿತು. ಅವರು ಗಡಿಯಾರ ನೋಡಲಿಲ್ಲ. ಎರಡನೇ ಸಲ ಅಳೆದು, ಕೂದಲೆಳೆಯಷ್ಟು ಸರಿಸಿ, ಆಮೇಲೆ ಹಾಳೆ ಎತ್ತಿಕೊಂಡು ಒಳಗೆ ಹೋದರು.

ಎದುರು ಅಂಗಡಿಯ ಕಾಯಿನ್ ಬಾಕ್ಸಿನಿಂದ ಶಾಂತಲಾ ಕುಣಿಗಲ್ಲಿಗೆ ಫೋನು ಮಾಡಿದಳು.

"ಐವತ್ತೆಂಟನೇ ಪುಟ, ಮೇಷ್ಟ್ರೇ."

"ಅದಾ ಹಂಗಾರೆ?" ಅಂದರು ಅವರು. ಉಸಿರು ಬಿಟ್ಟದ್ದು ಫೋನಿನಲ್ಲೂ ಕೇಳಿಸಿತು. "ಅವತ್ತು ನೀನು ಓದ್ದಾಗ ನಂಗೆ ಕೇಳಿಸ್ನೇ ಇಲ್ಲ ಕಣವ್ವ. ಕಣ್ಣಂತೂ ಆಯ್ತು, ಕಿವೀನೂ ಹೋಯ್ತೇನೋ ಅಂತ ಆವತ್ನಿಂದ ಹೆದ್ರಿಕಂಡಿದ್ದೆ."

ಹಾಗೇ ಬಿಟ್ಟಿದ್ದರೆ ಬಿಡಬಹುದಿತ್ತು. ಪುಸ್ತಕ ಸರಿಯಾಗಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ.

"ನಿಮ್ಮ ಕಿವಿ ಚೆನ್ನಾಗಿದೆ ಮೇಷ್ಟ್ರೇ," ಅಂದಳು. "ನಾನು ಓದ್ಲಿಲ್ಲ. ಜಾಗ ಸಾಲ್ದು ಅಂತ ಆ ಐದು ಸಾಲು ತೆಗ್ದಿದ್ದೆ. ಇವತ್ತು ಗುಬ್ಬಿಗೆ ಬಂದು ಹಾಕ್ಸಿದೀನಿ."

ಇನ್ನೊಂದು ರೂಪಾಯಿ ಬೇಕು ಅಂತ ಫೋನು ಕುಯ್‌ಗುಟ್ಟಿತು. ಅವಳು ನಾಣ್ಯ ಹಾಕಿದಳು. ಸೆರಗು ಹಿಡಿದು ಜಗ್ಗುತ್ತಾ ಕಾವ್ಯ ಮತ್ತೆ ಅಳು ಶುರು ಮಾಡಿದಳು.

"ಅಳ್ತಾ ಇರೋದು ನಿನ್ ಮಗೀನಾ?" ಮೇಷ್ಟ್ರು ಕೇಳಿದರು.

"ಹೂಂ ಮೇಷ್ಟ್ರೇ."

"ಉಂಡೈತೇನವ್ವ ಅದು?"

ಆಗ ಎರಡೂವರೆ. ಬೆಳಿಗ್ಗೆ ಎಂಟಕ್ಕೆ ಅರ್ಧ ಇಡ್ಲಿ ತಿಂದ ಮಗು. ಇಲ್ಲ ಮೇಷ್ಟ್ರೇ ಅಂದಳು ಶಾಂತಲಾ.

"ಮೊದ್ಲು ಅದಕ್ಕೆ ಏನಾರ ತಿನ್ಸು, ಹೋಗು. ಮಿಕ್ಕಿದ್ದು ಭಾನುವಾರ ಮಾತಾಡಾನ," ಅಂದು ಅವರು ಫೋನಿಟ್ಟರು.

ಭಾನುವಾರ ಏನನ್ನುತ್ತಾರೋ ಅನ್ನುವ ಭಯ ಆಗಲೇ ಶುರುವಾಗಿತ್ತು. ಅದನ್ನು ಹಾಗೇ ಇಟ್ಟುಕೊಂಡು ಅವಳು ಮಗಳನ್ನೆತ್ತಿ, ಬಿಸಿ ಅನ್ನ ಎಲ್ಲಿ ಸಿಗುತ್ತದೆ ಅಂತ ಆ ಅಂಗಡಿಯವನನ್ನು ಕೇಳಿದಳು.