ಕಿಟಕಿಯ ಹೊರಗಿನ ಬಾಟಲಿ

ಬೋಜಣ್ಣನ ಅಂಗೈಗೆ ಕಣ್ಣಿತ್ತು. ನಾನು ಕೆಲಸಕ್ಕಿರುವ ಊಟಿಯ ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿಯಲ್ಲಿ ಕೋಣೆಯಗಲದ ಇಂಕ್‌ಜೆಟ್ ಮಷಿನ್ ಇದೆ. ಶಾಯಿ ಒಣಗಿಸುವ ಅದರ ದೀಪಗಳು ಕಾದು ಸುಟ್ಟುಹೋಗದಂತೆ ಪೈಪಿನೊಳಗೆ, ಚಳಿಗೂ ಹೆಪ್ಪುಗಟ್ಟದ ಹಸಿರು ಕೂಲೆಂಟ್ ಸುತ್ತುತ್ತಲೇ ಇರಬೇಕು. ಮಷಿನ್ ನಡೆಸುತ್ತಿದ್ದ ಬೋಜಣ್ಣ ಪೈಪಿನ ಮೇಲೆ ಕೈಯಿಟ್ಟು, "ಅರ್ಧ ಬೆರಳು ಇಳಿದದೆ" ಅನ್ನುವರು. ಟ್ಯಾಂಕಿನ ಮುಚ್ಚಳ ತೆಗೆದರೆ, ದೇವರಾಣೆ, ಅರ್ಧ ಬೆರಳೇ!

ಇಳಿದ ಕೂಡಲೇ ನಾನು ಕೂಲೆಂಟ್ ಕ್ಯಾನಿಗೆ ಕೈಹಾಕಿದರೆ ತಡೆಯುವರು. "ಹೋದದ್ದು ಎಲ್ಲಿಗೆ ಹೋಯ್ತು ಅಂತ ತಿಳೀದೆ ಸುರೀಬಾರ್ದು ತಂಗಿ." ಆಮೇಲೆ ಟಾರ್ಚ್ ಹಿಡಿದು ಮಷಿನ್ನಿನಡಿ ಮಲಗಿ, ಸಡಿಲಾದ ಕ್ಲಿಪ್ಪನ್ನು ಹುಡುಕಿಕೊಂಡೇ ಏಳುವರು.

ಅವರ ಮನೆಮಾತು ನೀಲಗಿರಿಯ ಬಡಗ. ಗುಂಡ್ಲುಪೇಟೆಯಿಂದ ಮದುವೆಯಾಗಿ ಬಂದ ನನ್ನ ಜೊತೆ ಮಾತ್ರ ಕನ್ನಡ. ಊಟಿ ಹತ್ತಿರದ ತಮ್ಮೂರು ಎಮರಾಲ್ಡಿನಲ್ಲಿ ಕ್ಯಾರೆಟ್, ಆಲೂಗಡ್ಡೆ ಬೆಳೆಯುತ್ತಿದ್ದ ಅವರಿಗೆ ಹಿಮದ ಭಯ ಚೆನ್ನಾಗಿ ಗೊತ್ತು. ಚಳಿಗಾಲದಲ್ಲಿ ದಿನಾ ಸಂಜೆ ಟ್ಯಾಂಕಿನಿಂದ ಒಂದು ಸಣ್ಣ ಬಾಟಲಿ ಕೂಲೆಂಟ್ ತುಂಬಿಸಿ ಕಿಟಕಿಯ ಹೊರಗಿಡುವರು. ಬೆಳಗ್ಗೆ ಅಲುಗಿಸಿ, ಒಳಗಿನದು ಹೆಪ್ಪುಗಟ್ಟದೆ ಹರಿದಾಡಿದರೆ ಮಾತ್ರ ಮಷಿನ್ನಿನ ಸ್ವಿಚ್ಚು ಹಾಕುವರು.

"ಮಷಿನ್ನಿಗೂ ಜಾತಕ ನೋಡ್ತೀರಾ ಅಣ್ಣಾ?" ಎಂದು ಛೇಡಿಸುತ್ತಿದ್ದೆ.

ಒಮ್ಮೆ ಅವರು ರಜೆಯಲ್ಲಿದ್ದಾಗ ಲೆವೆಲ್ ಇಳಿಯಿತು. ಕ್ಯಾನ್ ಖಾಲಿ. ದೀಪ ಸುಟ್ಟರೆ ಕೆಲಸ ಹೋಯಿತೆಂದೇ ಲೆಕ್ಕ ಎಂದು ಮಾಲೀಕರು ಮೊದಲೇ ಹೇಳಿದ್ದರು. ನಾನು ಹಿಂದುಮುಂದು ನೋಡದೆ ಟ್ಯಾಂಕಿಗೆ ನಲ್ಲಿನೀರು ಸುರಿದು ಲೆವೆಲ್ಲಿನ ಗೆರೆ ಮುಟ್ಟಿಸಿದೆ. ಸಂಜೆ ಬಾಟಲಿಯನ್ನೂ ತುಂಬಿಸಿಟ್ಟೆ, ಪೆದ್ದಿ! ಮರುದಿನ ಹುಲ್ಲೆಲ್ಲ ಹಿಮದಿಂದ ಬೆಳ್ಳಗಾಗಿತ್ತು. ಬೋಜಣ್ಣ ಬಂದು ಬಾಟಲಿ ಅಲುಗಿಸಿದರು. ಒಳಗೆ ಮಂಜುಗಡ್ಡೆ ಕಟಕಟ ಎಂದಿತು.

"ಎನ್ನಾಚ್ಚು ಬೋಜಾ?" ಎಂದು, ಏನಾಯ್ತೆಂದು ತಮಿಳಿನಲ್ಲಿ ಕೇಳಿದರು ಮಾಲೀಕರು.

"ಹಿಮ ಜಾಸ್ತಿ ಸಾರ್. ಮಧ್ಯಾಹ್ನ ಹಾಕುವ."

ಮಾಲೀಕರು ಅತ್ತ ಹೋದದ್ದೇ ಬೋಜಣ್ಣ ನನ್ನ ಹತ್ತಿರ ಬಂದರು. "ಯಾರು ಅಂತ ಕೇಳಲ್ಲ. ಎಷ್ಟು ಅಂತ ಮಾತ್ರ ಹೇಳು."

"ಎರಡು ಚೊಂಬು" ಎನ್ನುವಷ್ಟರಲ್ಲಿ ಅಳು ಬಂತು. ಅವರು ಆ ಲೆಕ್ಕಕ್ಕೆ ಸರಿಯಾಗಿ, ನೀರು ಬೆರೆತು ತೆಳುವಾದದ್ದನ್ನು ಟ್ಯಾಂಕಿನಿಂದ ಇಳಿಸಿ, ನೀರು ಸೇರದ ಗಟ್ಟಿ ಕೂಲೆಂಟ್ ತರಿಸಿ ಬೆರೆಸಿದರು. ಆ ಮಾತು ಅವರ ಬಾಯಿಂದ ಯಾರ ಕಿವಿಗೂ ಹೋಗಲಿಲ್ಲ. ಅಂಥ ಮನುಷ್ಯನನ್ನು ನಾನು ಮತ್ತೆ ಕಂಡಿಲ್ಲ.

ಕಳೆದ ಜನವರಿಯ ಒಂದು ಬೆಳಗ್ಗೆ ಎಮರಾಲ್ಡಿನಿಂದ ಫೋನ್ ಬಂತು. ಬೋಜಣ್ಣ ಇಲ್ಲ. ಊರಿನವರಿಗೆ ಹತ್ತು ಗಂಟೆಯೊಳಗೆ ಅವರ ಫೋಟೊ ಹಾಕಿದ ಶ್ರದ್ಧಾಂಜಲಿ ಬ್ಯಾನರ್ ಬೇಕಂತೆ. ಹೊರಗೆ ಹುಲ್ಲು ಅಂದಿನಂತೆಯೇ ಬೆಳ್ಳಗಿತ್ತು. ಮಾಲೀಕರು ಸ್ವಿಚ್ಚಿನ ಹತ್ತಿರ ನಿಂತು ನನ್ನ ಮುಖ ನೋಡಿದರು.

ಕಿಟಕಿ ತೆಗೆದು, ಹಿಂದಿನ ಸಂಜೆ ನಾನೇ ಇಟ್ಟಿದ್ದ ಬಾಟಲಿ ಎತ್ತಿಕೊಂಡೆ. ಅಲುಗಿಸಿದೆ. ಹಸಿರು ಸಲೀಸಾಗಿ ಹರಿದಾಡಿತು.

"ಹಾಕಿ ಸಾರ್" ಎಂದೆ.

ಪೈಪಿನ ಮೇಲೆ ಅಂಗೈ ಇಟ್ಟುಕೊಂಡೇ ನಿಂತೆ. ಮೊದಲು ಹಣೆ, ಆಮೇಲೆ ಕಣ್ಣು, ಗೆರೆಗೆರೆಯಾಗಿ ಬೋಜಣ್ಣ ಹೊರಗೆ ಬಂದರು.